ಪಾಯಿಂಟ್ ಎರಡು ಬಾಕಿ

ಹೀರುವುದಲ್ಲ ಇದು.
ಬತ್ತಿ ಹೀರುತ್ತದೆ, ಸ್ಪಂಜು ಹೀರುತ್ತದೆ,
ಹಳೆಯ ಪಂಚೆ ಹೀರುತ್ತದೆ.
ಇದು ಬರಿಯ ಮೇಲೆ ಕೂರುವುದು,
ಶಂಕರಘಟ್ಟಕ್ಕೆ ಬಸ್ಸು ಬರುವ ತನಕ
ಕಟ್ಟೆಯ ಮೇಲೆ ಕೂತ ಹಾಗೆ.
ಕಟ್ಟೆಗೂ ನಮಗೂ ನಡುವೆ ಏನೋ ಒಂದಿಷ್ಟು,
ಎದ್ದಾಗ ಕೊಡವಿಕೊಳ್ಳುವ ಮಣ್ಣಿನಷ್ಟು.

ಆ ಒಂದಿಷ್ಟನ್ನು ಅಳೆಯುವುದು ನನ್ನ ಕೆಲಸ.
ಗಾಜಿನ ನಳಿಗೆಯಲ್ಲಿ ಚಿಟಿಕೆ ನಿಕ್ಕಲ್ ಪುಡಿ,
ಸುತ್ತ ಅಂಗೈಯಗಲದ ಕುಲುಮೆ.
ಅನಿಲ ಹಾಯಿಸಿ, ಕೂರಿಸಿ,
ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಕಾಯಿಸುತ್ತ
ಯಾವ ಬಿಸಿಗೆ ಎದ್ದು ಹೋಯಿತೆಂದು ಬರೆದುಕೊಳ್ಳುವುದು.
ಹಿಡಿತದ ಲೆಕ್ಕ ಸಿಗುವುದು ಬಿಡುವಾಗಲೇ.
ಇದನ್ನು ಬದುಕಿಗೆ ಹೋಲಿಸಬೇಡಿ;
ನಾನು ಹೋಲಿಸಿದ್ದೆ. ಗೈಡು ಕೆಂಪು ಶಾಯಿಯಲ್ಲಿ
ಇಡೀ ಪ್ಯಾರಾ ಹೊಡೆದುಹಾಕಿದರು.

ಪಕ್ಕದ ಕೋಣೆಯಲ್ಲಿ ವಿಲ್ಮಾ.
ಅವಳ ನಿಕ್ಕಲ್ಲಿಗೆ ತೂಕವಿಲ್ಲ, ಬಿಲ್ಲಿಲ್ಲ, ಧೂಳಿಲ್ಲ.
ಮೂವತ್ತಾರು ಪರಮಾಣು, ನಾಲ್ಕು ಪದರ,
ಸಂತೆಯಲ್ಲಿ ಕಿತ್ತಳೆ ಜೋಡಿಸಿದ ಹಾಗೆ.
ಅಣುವನ್ನು ತುದಿಯಲ್ಲಿಟ್ಟು ನೋಡುತ್ತಾಳೆ,
ಎರಡರ ನಡುವೆ ಸೇತುವೆಯಲ್ಲಿಟ್ಟು,
ಮೂರರ ನಡುವೆ ಗುಳಿಯಲ್ಲಿಟ್ಟು.
ಎಲ್ಲಿ ಹಾಯಾಗಿದ್ದೀಯೆ ಎಂಬ ಒಂದು ಪ್ರಶ್ನೆಗೆ
ಕಂಪ್ಯೂಟರಿಗೆ ಹನ್ನೊಂದು ದಿನ ಬೇಕು.
ಹತ್ತನೆಯ ದಿನ ಮಂಗಗಳು ತಂತಿಗೆ ಜೋತುಬಿದ್ದು
ಕರೆಂಟು ಹೋಯಿತು. ಮತ್ತೆ ಒಂದರಿಂದ.

ಗುಳಿಯೇ, ಎಂದಳು ಕೊನೆಗೆ. ಒಂದು ಪಾಯಿಂಟ್ ಎಂಟು.
ನನ್ನದು ಸೊನ್ನೆ ಪಾಯಿಂಟ್ ಒಂಬತ್ತು.

ನಿನ್ನ ಥರ್ಮಾಮೀಟರು ಸುಳ್ಳು ಎಂದಳು.
ನಿನ್ನ ಲೋಹ ಇನ್ನೂ ಹುಟ್ಟೇ ಇಲ್ಲ ಎಂದೆ.
ದೀಪಾವಳಿಯಿಂದ ಸಂಕ್ರಾಂತಿಯ ತನಕ
ಮೆಸ್ಸಿನಲ್ಲಿ ಅವಳದೊಂದು ಮೇಜು, ನನ್ನದೊಂದು.
ಉಪ್ಪು ಬೇಕಾದರೆ ಮೂರನೆಯವರನ್ನು ಕೇಳುತ್ತಿದ್ದೆವು.

ಸಿಲಿಂಡರಿನ ಬಾಯಿ ಸೋರುತ್ತದೆಂದು
ಏಳುಮಲೈ ಬಂದರು ಆಮೇಲೊಂದು ದಿನ.
ಭದ್ರಾವತಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ,
ಈಗ ಇಲ್ಲಿ ದಿನಗೂಲಿಯ ಫಿಟ್ಟರು.
ಸ್ಪ್ಯಾನರು ತೆಗೆಯಲಿಲ್ಲ. ರಬ್ಬರು ಕೊಳವೆಯನ್ನು ಬಿಚ್ಚಿ
ಮೂಗಿಗೆ ಹಿಡಿದರು, ಮೀನು ಕೊಳ್ಳುವವರ ಹಾಗೆ.
‘ಎಲ್ಲಿ ತಂದ್ರಿ ಮೇಡಂ?’
ಗಾಂಧಿ ಬಜಾರು. ಮೀಟರಿಗೆ ಅರವತ್ತು.
‘ಗಂಧಕ. ರಬ್ಬರು ಗಟ್ಟಿ ಆಗ್ಲಿ ಅಂತ ಹಾಕಿರ್ತಾರೆ.
ನಮ್ ಕಬ್ಬಿಣಕ್ಕೆ ಇದು ಸೇರ್ತು ಅಂದ್ರೆ
ಕೆಂಪಗೆ ಕಾದಿರೋವಾಗ್ಲೇ ಸುತ್ತಿಗೆ ಏಟಿಗೆ ಬಿರೀತಿತ್ತು.
ಸುಣ್ಣ ಹಾಕಿ ಹಾಕಿ ಬಿಡಿಸ್ತಿದ್ವಿ.
ನಿಮ್ದೂ ಲೋಹ ತಾನೆ?’

ನಮ್ಮದೂ ಲೋಹವೇ.
ಗುಳಿಗಳಲ್ಲಿ ಆಗಲೇ ಯಾರೋ ಕೂತಿದ್ದರು,
ಬಸ್ಸು ಬಂದರೂ ಏಳದವರು,
ಪಕ್ಕದ ಜಾಗವನ್ನೂ ಇರಿಸುಮುರಿಸು ಮಾಡುವವರು.
ನಾಲ್ಕು ತಿಂಗಳು ನಾನು ಅಳೆದದ್ದು
ಅವರ ಮಗ್ಗುಲಲ್ಲಿ ಅರೆಬರೆ ಕೂತವರನ್ನು.

ಅಂದು ರಾತ್ರಿ ವಿಲ್ಮಾಳ ಬಾಗಿಲು ತಟ್ಟಿದೆ.
ಕೊಳವೆಯ ತುಂಡನ್ನು ಅವಳ ಮೂಗಿನ ಮುಂದೆ ಹಿಡಿದೆ.
ಅವಳು ಮೂವತ್ತಾರರ ಮೇಲೆ
ಒಂದು ಗಂಧಕ ಇಟ್ಟಳು. ಒಂದೇ.
ಹನ್ನೊಂದು ದಿನ ಮಂಗಗಳನ್ನು ಸರದಿಯಲ್ಲಿ ಕಾದೆವು,
ಬೆಳಗಿನ ಜಾವ ನಾನು, ಸಂಜೆ ಅವಳು.

ಗಂಧಕವಿದ್ದರೆ ಒಂದು ಪಾಯಿಂಟ್ ಒಂದು, ಅವಳದು.
ತಾಮ್ರದ ಕೊಳವೆ ಹಾಕಿ, ಹೊಸ ಪುಡಿ ತುಂಬಿದ ಮೇಲೆ
ನನ್ನದು ಒಂದು ಪಾಯಿಂಟ್ ಆರು.
ಕೊಳೆಯಾದರೂ ಸರಿ, ತೊಳೆದರೂ ಸರಿ,
ಅವಳಿಗೂ ನನಗೂ ಪಾಯಿಂಟ್ ಎರಡು ಬಾಕಿ.
ಅವಳ ಸಮೀಕರಣ ತುಸು ಹೆಚ್ಚೇ ಹಚ್ಚಿಕೊಳ್ಳುತ್ತದಂತೆ.
ಅದು ಎಲ್ಲರಿಗೂ ಗೊತ್ತು, ಎಂದಳು, ಉಪ್ಪು ದಾಟಿಸುತ್ತ.

ಪ್ರಬಂಧದ ಕೊನೆಗೆ ಕೃತಜ್ಞತೆಗೆ ಎರಡು ಸಾಲು ಜಾಗ.
ಇನಿಶಿಯಲ್ ಏನು ಅಂತ ಏಳುಮಲೈಯವರನ್ನು ಕೇಳಿದೆ.
‘ಟೋಕನ್ ನಂಬರು ಸಾಲದಾ?’ ಅಂದರು.

ಆ ರಬ್ಬರನ್ನು ಅವರು ಬಿಸಾಡಗೊಡಲಿಲ್ಲ.
ಸೈಕಲ್ಲಿನ ಕ್ಯಾರಿಯರಿಗೆ ಊಟದ ಡಬ್ಬಿ ಬಿಗಿದಿದ್ದಾರೆ.
ಇಳಿಜಾರಿನಲ್ಲಿ ಅವರು ಬ್ರೇಕು ಹಿಡಿಯದೆ ಹೋಗುವಾಗಲೂ
ಅಲುಗುವುದಿಲ್ಲ.